ಆಕಾಶವಾಣಿಯ ಹಳೆ ಮೈಕು ತಕ್ಕಡಿಗೆ ಬೀಳುವ ಮುನ್ನ

ಪ್ರಸಾರ ಭಾರತಿಯ ಮೂಲಸೌಕರ್ಯ ಸುಧಾರಣೆಗೆಂದು ಕೇಂದ್ರ ಸಚಿವ ಸಂಪುಟ 2023ರ ಜನವರಿಯಲ್ಲಿ 2,539 ಕೋಟಿ ರೂಪಾಯಿಯ ‘ಬಿಂಡ್’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಎಫ್‌ಎಂ ಜಾಲ ವಿಸ್ತರಿಸುವುದು, ಆಕಾಶವಾಣಿ ಮತ್ತು ದೂರದರ್ಶನಕ್ಕೆ ಹೊಸ ಉಪಕರಣ ತರುವುದು ಇದರ ಉದ್ದೇಶ. ಆಗಬೇಕಾದ ಕೆಲಸವೇ. ಆದರೆ ಹೊಸದಕ್ಕೆ ಎಷ್ಟು ಹಣ ಎಂಬ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತದೆಯೇ ಹೊರತು, ಹಳೆಯದು ಎಲ್ಲಿಗೆ ಹೋಯಿತು ಎಂಬುದು ಸುದ್ದಿಯಾಗುವುದಿಲ್ಲ. ಸರ್ಕಾರಿ ಸಾಮಾನಿನ ಮಾಮೂಲಿ ದಾರಿ ಎಲ್ಲರಿಗೂ ಗೊತ್ತಿದ್ದದ್ದೇ: ಮೊದಲು ಮೂಲೆಯ ಕೋಣೆ, ಆಮೇಲೆ ‘ನಿರುಪಯುಕ್ತ’ ಎಂಬ ಷರಾ, ನಂತರ ಹರಾಜು, ಕೊನೆಗೆ ಗುಜರಿಯವರ ತಕ್ಕಡಿಯಲ್ಲಿ ತಾಮ್ರ ಇಷ್ಟು, ಕಬ್ಬಿಣ ಇಷ್ಟು. ಕಲಬುರಗಿ, ರಾಯಚೂರು, ಹೊಸಪೇಟೆ, ಧಾರವಾಡದ ಆಕಾಶವಾಣಿ ಕೇಂದ್ರಗಳಲ್ಲಿ ಬಳಕೆ ತಪ್ಪಿದ ಮೈಕು, ಪ್ರಿ-ಆಂಪ್ಲಿಫೈಯರ್, ಮಿಕ್ಸರ್, ಲಿಮಿಟರ್‌ಗಳಲ್ಲಿ ಉಳಿದಿರುವಷ್ಟಾದರೂ ಈ ದಾರಿ ಹಿಡಿಯಬಾರದು. ಈ ಸೀಮೆಯ ಹಾಡುಗಾರಿಕೆಯನ್ನು ದಾಖಲಿಸುವ ಒಂದು ಸಾರ್ವಜನಿಕ ರೆಕಾರ್ಡಿಂಗ್ ಕೋಣೆಗೆ ಅವು ಬರಬೇಕು. ಆ ಕೋಣೆ ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಆಗಬೇಕು.

ಕೇಳುವ ಹಕ್ಕು ನಮಗೇನಿದೆ ಎಂದರೆ, ಇದೆ. ಒಂದು ಕಾಲಕ್ಕೆ ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಗೆ ಹೋಗಿ ವರ್ಷ ವರ್ಷವೂ ಶುಲ್ಕ ಕಟ್ಟಿ ಪುಸ್ತಕ ನವೀಕರಿಸಿಕೊಂಡು ಬರಬೇಕಿತ್ತು. 1980ರ ದಶಕದಲ್ಲಿ ಅದು ರದ್ದಾಗುವವರೆಗೂ ತುಂಗಭದ್ರಾ ಕಾಲುವೆ ಬಯಲಿನ ರೈತರು, ಹಟ್ಟಿ ಚಿನ್ನದ ಗಣಿಯ ಕಾರ್ಮಿಕರು, ಶಾಲೆ ಮಾಸ್ತರರು ಎಲ್ಲರೂ ಕಟ್ಟಿದವರೇ. ರಾಯಚೂರು ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆಗ ಇಲ್ಲಿಯವರ ರಾಜಧಾನಿಯ ನಿಲಯ ನಿಜಾಮರ ‘ಡೆಕ್ಕನ್ ರೇಡಿಯೊ’. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೊದಲ್ಲಿ ಲೀನವಾಯಿತು. ಅದೇ ವರ್ಷದ ಜನವರಿಯಲ್ಲಿ ಧಾರವಾಡ, 1966ರಲ್ಲಿ ಕಲಬುರಗಿ ಕೇಂದ್ರಗಳು ಶುರುವಾದವು. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿಸುವ ‘ಸೈಟ್’ ಪ್ರಯೋಗ ನಡೆದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲ್ಬರ್ಗ, ವಿಜಾಪುರ ಮತ್ತು ರಾಯಚೂರು ಜಿಲ್ಲೆಗಳು. ಪ್ರಸಾರದ ಪ್ರಯೋಗಕ್ಕೆ ಬೇಕಾದಾಗ ನೆನಪಾದ ಜಿಲ್ಲೆ, ಪ್ರಸಾರದ ಸಾಮಾನು ವಿಲೇವಾರಿ ಆಗುವಾಗಲೂ ನೆನಪಾಗಬೇಕು.

ರೇಡಿಯೊಗೆಂದು ಮಾಡಿದ ಸಾಮಾನು ಸಂಗೀತದ ರೆಕಾರ್ಡಿಂಗ್‌ಗೆ ಒದಗುತ್ತದೆ ಎಂಬುದು ಹೊಸ ಕಲ್ಪನೆಯೇನಲ್ಲ. ಲಂಡನ್ನಿನ ಆಬಿ ರೋಡ್ ಸ್ಟುಡಿಯೊದಲ್ಲಿ ಬೀಟಲ್ಸ್ ತಂಡದ ಮೊದಮೊದಲ ಹಾಡುಗಳು ದಾಖಲಾದ ಮಿಕ್ಸಿಂಗ್ ಕನ್ಸೋಲ್‌ನ ಒಳಗಿದ್ದದ್ದು, ಜರ್ಮನಿಯ ರೇಡಿಯೊ ನಿಲಯಗಳಿಗಾಗಿ ವಿನ್ಯಾಸಗೊಂಡಿದ್ದ ವಿ 72 ಎಂಬ ವಾಲ್ವ್ ಆಂಪ್ಲಿಫೈಯರ್‌ನ ಒಂದು ಮಾದರಿ. ಇವತ್ತು ಜಗತ್ತಿನ ದೊಡ್ಡ ದೊಡ್ಡ ಸ್ಟುಡಿಯೊಗಳೆಲ್ಲ ಗಾಯನಕ್ಕೆ ಬಳಸುವ ಎಲ್‌ಎ-2ಎ ಎಂಬ ಕಂಪ್ರೆಸರ್, ಮಾತು ಜೋರಾದಾಗ ಟ್ರಾನ್ಸ್‌ಮಿಟರ್‌ಗೆ ಹೆಚ್ಚಾಗದಂತೆ ಮಟ್ಟ ಕಾಯಲಿ ಎಂದು ಅಮೆರಿಕದಲ್ಲಿ ಪ್ರಸಾರ ಕ್ಷೇತ್ರದ ಹಿನ್ನೆಲೆಯ ಎಂಜಿನಿಯರ್ ಜಿಮ್ ಲಾರೆನ್ಸ್ ರೂಪಿಸಿದ್ದು. ಬಿಬಿಸಿಯ ಎಂಜಿನಿಯರುಗಳು 1950ರ ದಶಕದಲ್ಲಿ ತಮ್ಮ ಬಳಕೆಗೆಂದೇ ವಿನ್ಯಾಸ ಮಾಡಿದ 4038 ರಿಬ್ಬನ್ ಮೈಕು ಇಂಗ್ಲೆಂಡಿನಲ್ಲಿ ಇಂದಿಗೂ ತಯಾರಾಗುತ್ತದೆ, ಬೆಲೆ ಲಕ್ಷ ರೂಪಾಯಿಯ ಆಸುಪಾಸು. ಇವ್ಯಾವುದನ್ನೂ ಮಾಡಿದವರ ತಲೆಯಲ್ಲಿ ‘ಮಧುರ ನಾದ’ ಎಂಬ ಮಾತಿರಲಿಲ್ಲ. ದಿನಕ್ಕೆ ಹದಿನಾರು ತಾಸು ಓಡಬೇಕು, ನೇರಪ್ರಸಾರದ ನಡುವೆ ಕೈಕೊಡಬಾರದು, ಕೆಟ್ಟರೆ ಅಲ್ಲೇ ಬಿಚ್ಚಿ ಸರಿ ಮಾಡುವಂತಿರಬೇಕು ಎಂಬುದಷ್ಟೇ ಅವರಿಗಿದ್ದ ಅಪ್ಪಣೆ. ದಪ್ಪ ಟ್ರಾನ್ಸ್‌ಫಾರ್ಮರ್, ಗಟ್ಟಿ ಸ್ವಿಚ್ಚು, ಪ್ರತಿ ಪೆಟ್ಟಿಗೆಗೂ ಒಂದು ಸರ್ಕ್ಯೂಟ್ ನಕ್ಷೆ ಬಂದದ್ದು ಆ ಅಪ್ಪಣೆಯಿಂದ.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ಹೊರಡುವುದು ಬೇಡ. ಹಳೆ ಉಪಕರಣದ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವ ‘ಬೆಚ್ಚಗಿನ ಧ್ವನಿ’ಯ ವಾದ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣದ ತಿರುಳು ಮಂದ್ರದ ನಾದಕ್ಕೆ ಒಂಚೂರು ವಿಕಾರ ಸೇರಿಸುತ್ತದೆ, ಅದು ಕಿವಿಗೆ ಹಿತವಾಗಿರುತ್ತದೆ ಎಂಬುದು ನಿಜ. ಆದರೆ ಅಷ್ಟಕ್ಕಾಗಿ ಸರ್ಕಾರಿ ಕಡತ ಅಲ್ಲಾಡಿಸುವ ಅಗತ್ಯವಿಲ್ಲ. ಆ ವಿಕಾರವನ್ನು ಅನುಕರಿಸುವ ಸಾಫ್ಟ್‌ವೇರ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ನನ್ನ ವಾದದ ತಳಪಾಯ ಬೇರೆ. ಈ ಉಪಕರಣಗಳು ಒಂದು ಕೆಲಸದ ಕ್ರಮವನ್ನು ಬೇಡುತ್ತವೆ. ಆ ಕ್ರಮ ಈ ಸೀಮೆಯ ಸಂಗೀತಕ್ಕೆ ಸರಿಹೊಂದುತ್ತದೆ, ಈಗ ಊರೂರಲ್ಲಿ ನಡೆಯುತ್ತಿರುವ ರೆಕಾರ್ಡಿಂಗ್ ಕ್ರಮ ಹೊಂದುವುದಿಲ್ಲ.

ಈಗಿನ ಕ್ರಮ ಹೇಗಿದೆ ನೋಡಿ. ತಾಲ್ಲೂಕು ಕೇಂದ್ರದ ಸಣ್ಣ ಸ್ಟುಡಿಯೊ ಎಂದರೆ ಒಂದು ಕೋಣೆ, ಗೋಡೆಗೆ ಸ್ಪಂಜು, ಒಂದು ಲ್ಯಾಪ್‌ಟಾಪ್, ಒಂದು ಕಂಡೆನ್ಸರ್ ಮೈಕು. ಮೊದಲು ಕೀಬೋರ್ಡಿನಲ್ಲಿ ಬೀಟ್ ಹಾಕಿ ಟ್ರ್ಯಾಕ್ ಸಿದ್ಧ ಮಾಡುತ್ತಾರೆ. ಗಾಯಕರು ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ನಿಂತು ಆ ಟ್ರ್ಯಾಕ್‌ಗೆ ಸಾಲು ಸಾಲಾಗಿ ಹಾಡುತ್ತಾರೆ. ಶ್ರುತಿ ತಪ್ಪಿದ್ದನ್ನು ಆಟೊಟ್ಯೂನ್ ಸರಿಪಡಿಸುತ್ತದೆ. ಯೂಟ್ಯೂಬಿನಲ್ಲಿ ಓಡುವ ಹೊಸ ಜಾನಪದ ಗೀತೆಗಳಿಗೆ ಇದು ಸಾಕು, ಆ ಗೀತೆಗಳು ಹುಟ್ಟುವುದೇ ಹಾಗೆ. ಅವನ್ನು ಹೀಗಳೆಯುವುದು ಈ ಬರಹದ ಕೆಲಸವಲ್ಲ. ಆದರೆ ಏಕತಾರಿ, ದಮ್ಮಡಿ, ತಾಳ ಹಿಡಿದು ರಾತ್ರಿಯಿಡೀ ನಡೆಯುವ ತತ್ವಪದವನ್ನು ಇದೇ ಕೋಣೆಗೆ ತಂದರೆ ಏನಾಗುತ್ತದೆ? ತತ್ವಪದದ ಮುಂದಾಳು ಲಯವನ್ನು ತನಗೆ ಬೇಕಾದಂತೆ ಎಳೆಯುತ್ತಾನೆ, ಮಾತು ಮುಗಿಯುವ ಮೊದಲೇ ಹಿಮ್ಮೇಳ ಎತ್ತಿಕೊಳ್ಳುತ್ತದೆ, ದಮ್ಮಡಿ ಇಬ್ಬರನ್ನೂ ನೋಡಿಕೊಂಡು ಬಡಿಯುತ್ತದೆ. ಮೂವರೂ ಒಂದೇ ಹೊತ್ತಿಗೆ ಒಬ್ಬರನ್ನೊಬ್ಬರು ಕೇಳಿಸಿಕೊಂಡು ಮಾಡುವ ಕೆಲಸ ಇದು. ಬೀಟ್ ಮೊದಲೇ ಹಾಕಿಬಿಟ್ಟರೆ ಆ ಎಳೆದಾಟಕ್ಕೆ ಜಾಗವೇ ಇಲ್ಲ. ಶ್ರುತಿಯದೂ ಇದೇ ಕಥೆ. ಹಾರ್ಮೋನಿಯಂನ ಎರಡು ಮನೆಗಳ ನಡುವೆ ಎಲ್ಲೋ ನಿಂತು ಹಾಡುವುದು ಈ ಗಾಯಕರ ತಪ್ಪಲ್ಲ, ರೂಢಿ; ಸಾಫ್ಟ್‌ವೇರ್ ಅದನ್ನು ಎಳೆದು ತಂದು ಹತ್ತಿರದ ಮನೆಗೆ ಕೂರಿಸುತ್ತದೆ. ಮುದಗಲ್ಲಿನ ಮೊಹರಂನಲ್ಲಿ ಕೇಳಿಬರುವ ರಿವಾಯತ ಪದಗಳಿಗೂ, ಮಾನ್ವಿಯ ಜಗನ್ನಾಥದಾಸರು, ಲಿಂಗಸುಗೂರಿನ ಪ್ರಾಣೇಶದಾಸರ ಊರುಗಳ ಭಜನಾ ಮಂಡಳಿಗಳ ಹಾಡಿಗೂ ಈ ಮಾತು ಅನ್ವಯಿಸುತ್ತದೆ.

ಇದಕ್ಕೆದುರು, ಆಕಾಶವಾಣಿಯ ಹಳೆ ಫೋಟೊಗಳಲ್ಲಿ ಗಾಯಕರ ಮುಂದೆ ಕಾಣುವ ಆ ದಪ್ಪ ಮೈಕಿನ ಒಳಗನ್ನು ನೋಡಿ. ಅವುಗಳಲ್ಲಿ ಅನೇಕವು ರಿಬ್ಬನ್ ಮೈಕುಗಳು. ಬಲವಾದ ಆಯಸ್ಕಾಂತದ ಎರಡು ತುದಿಗಳ ನಡುವೆ ಕೂದಲಿಗಿಂತ ಎಷ್ಟೋ ತೆಳುವಾದ ಅಲ್ಯುಮಿನಿಯಂ ಪಟ್ಟಿಯೊಂದು ತೂಗುತ್ತಿರುತ್ತದೆ. ಧ್ವನಿ ಬಡಿದಾಗ ಅದು ಅಲುಗುತ್ತದೆ, ಅಲುಗಿದಾಗ ಅದರಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಪಟ್ಟಿಯ ಎರಡೂ ಮುಖ ತೆರೆದಿರುವುದರಿಂದ ಮೈಕು ಮುಂದಿನಿಂದ ಕೇಳಿಸಿಕೊಂಡಷ್ಟೇ ಹಿಂದಿನಿಂದಲೂ ಕೇಳಿಸಿಕೊಳ್ಳುತ್ತದೆ, ಎರಡು ಪಕ್ಕಗಳಿಗೆ ಹೆಚ್ಚುಕಡಿಮೆ ಕಿವುಡು. ಈ ಒಂದು ಗುಣ ಹಿಡಿದುಕೊಂಡು ತತ್ವಪದದ ಮೇಳವನ್ನು ಹೇಗೆ ಕೂರಿಸಬಹುದು ಎಂದು ಯೋಚಿಸಿ. ಮುಂದಾಳು ಮೈಕಿನ ಒಂದು ಮುಖಕ್ಕೆ ಎರಡಡಿ ದೂರದಲ್ಲಿ, ಹಿಮ್ಮೇಳದವರು ಇನ್ನೊಂದು ಮುಖಕ್ಕೆ ನಾಲ್ಕಡಿ ಆಚೆ, ಇಬ್ಬರೂ ಎದುರುಬದುರು. ಜೋರಾಗಿ ಬಡಿಯುವ ದಮ್ಮಡಿಯವರನ್ನು ಪಕ್ಕದ ಕಡೆ ಓರೆಯಾಗಿ ಕೂರಿಸಿದರೆ ಅದು ತಾನೇ ಹಿಂದೆ ಸರಿದು ಹದಕ್ಕೆ ಬರುತ್ತದೆ. ಪೂರ್ತಿ ಕಿವುಡು ಪಕ್ಕವನ್ನು ಬೀದಿಯ ಕಿಟಕಿಯತ್ತ ತಿರುಗಿಸಿದರೆ ಟ್ರಾಕ್ಟರು, ಅಕ್ಕಿ ಗಿರಣಿಯ ಸದ್ದು ಬಹುಪಾಲು ಕಡಿಮೆಯಾಗುತ್ತದೆ. ಮುಂದಾಳು ಮೈಕಿಗೆ ಗೇಣಿಗಿಂತ ಹತ್ತಿರ ಬಂದರೆ ಧ್ವನಿ ವಿಪರೀತ ದಪ್ಪವಾಗುತ್ತದೆ, ಒಂದು ಗೇಣು ಹಿಂದೆ ಸರಿಸಿದರೆ ಸರಿಯಾಗುತ್ತದೆ. ಹೆಡ್‌ಫೋನ್ ಬೇಡ, ಟ್ರ್ಯಾಕ್ ಬೇಡ. ಹದ ಮಾಡುವುದೆಲ್ಲ ಹಾಡುವ ಮೊದಲೇ, ಚಾಪೆ ಜರುಗಿಸುವುದರಲ್ಲೇ ಮುಗಿಯುತ್ತದೆ. ಇನ್ನು ಎತ್ತರದ ಕಂಠದಲ್ಲಿ ಬಯಲಿಗೆ ಕೂಗಿ ಹಾಡಿ ರೂಢಿಯಾದವರ ಧ್ವನಿ ಅಗ್ಗದ ಕಂಡೆನ್ಸರ್ ಮೈಕಿನಲ್ಲಿ ಕಿವಿಗೆ ಚುಚ್ಚುತ್ತದೆ. ರಿಬ್ಬನ್ ಮೈಕು ಆ ಮೇಲಿನ ತರಂಗಗಳನ್ನು ಸಹಜವಾಗಿಯೇ ತಗ್ಗಿಸಿ ಕೊಡುತ್ತದೆ.

ಅನುಕರಿಸುವ ಸಾಫ್ಟ್‌ವೇರ್, ಅಂದರೆ ಪ್ಲಗಿನ್‌ಗಳಿರುವಾಗ ಇದೆಲ್ಲ ಯಾಕೆ ಎನ್ನುವವರಿಗೆ ನನ್ನ ಉತ್ತರ ಇಲ್ಲಿದೆ. ಪ್ಲಗಿನ್ ಶುರುವಾಗುವುದು ಧ್ವನಿ ಕಂಪ್ಯೂಟರ್ ಸೇರಿದ ಮೇಲೆ. ಮೇಳ ಹೇಗೆ ಕೂತಿತ್ತು, ಯಾರು ಯಾರನ್ನು ನೋಡುತ್ತಿದ್ದರು, ಯಾವ ಮೈಕು ಎಷ್ಟು ದೂರದಲ್ಲಿತ್ತು ಎಂಬುದು ಅಷ್ಟರಲ್ಲಿ ತೀರ್ಮಾನವಾಗಿ ಹೋಗಿರುತ್ತದೆ. ಹಾಗಾದರೆ ಹೊಸ ರಿಬ್ಬನ್ ಮೈಕು ಕೊಂಡು ಇದೇ ಕ್ರಮದಲ್ಲಿ ಮಾಡಬಹುದಲ್ಲ ಎಂದು ಯಾರಾದರೂ ಕೇಳಿದರೆ, ಅದು ಗಟ್ಟಿಯಾದ ಪ್ರಶ್ನೆ. ಮಾಡಬಹುದು. ಹಣವಿದ್ದವರು ಮಾಡಲಿ. ಆದರೆ ರಿಬ್ಬನ್ ಮೈಕಿನಿಂದ ಹೊರಡುವ ವಿದ್ಯುತ್ ಎಷ್ಟು ಕ್ಷೀಣವೆಂದರೆ ಅದನ್ನು ಸಾವಿರ ಪಟ್ಟು ಹಿಗ್ಗಿಸಬೇಕಾಗುತ್ತದೆ. ಸಾಮಾನ್ಯ ಯುಎಸ್‌ಬಿ ಇಂಟರ್‌ಫೇಸ್ ಅಷ್ಟು ಹಿಗ್ಗಿಸುವ ಹೊತ್ತಿಗೆ ‘ಸ್‌ಸ್’ ಎಂಬ ಸದ್ದೂ ಜೊತೆಗೆ ಏರುತ್ತದೆ. ಹಳೆ ರೇಡಿಯೊ ಪ್ರಿ-ಆಂಪ್ಲಿಫೈಯರ್ ಇದ್ದದ್ದೇ ಆ ಕೆಲಸಕ್ಕೆ. ಮೈಕು, ಅದರ ಟ್ರಾನ್ಸ್‌ಫಾರ್ಮರ್, ಪ್ರಿ-ಆಂಪ್ಲಿಫೈಯರ್, ಮಿಕ್ಸರ್ ಒಂದಕ್ಕೊಂದು ತಾಳೆಯಾಗುವಂತೆ ಲೆಕ್ಕ ಹಾಕಿ ಮಾಡಿದ ಸರಣಿ ಅದು. ಅದನ್ನು ಒಟ್ಟಾಗಿ ಈಗ ಹೊಸದಾಗಿ ಕೊಳ್ಳಹೊರಟರೆ ತಾಲ್ಲೂಕು ಮಟ್ಟದ ಯಾವ ಸಂಘಕ್ಕೂ ನಿಲುಕದ ಬೆಲೆ. ಆದರೆ ಗುಜರಿಯ ಲೆಕ್ಕದಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಈ ಎರಡು ಬೆಲೆಗಳ ನಡುವಿನ ಅಂತರವೇ ನಮ್ಮ ಅವಕಾಶ.

ಒಂದು ವಿಷಯದಲ್ಲಿ ಮಾತ್ರ ಎದುರಾಳಿಗಳದೇ ಸರಿ. ಸ್ಪೂಲ್ ಟೇಪಿನ ಮೇಲೆ ಹೊಸ ಹಾಡು ದಾಖಲಿಸುವ ಆಸೆ ಬೇಡ. ಟೇಪು ಈಗ ಜಗತ್ತಿನಲ್ಲಿ ಬೆರಳೆಣಿಕೆಯ ಕಾರ್ಖಾನೆಗಳಲ್ಲಿ ಮಾತ್ರ ತಯಾರಾಗುತ್ತದೆ, ದುಬಾರಿ. ಯಂತ್ರದ ಹೆಡ್ ಸವೆಯುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಾಡಿನಲ್ಲಿ ಟೇಪನ್ನು ಕಾಪಾಡುವುದೇ ಒಂದು ಖರ್ಚು. ಹಳೆ ಮೈಕಿನಿಂದ ಹಿಡಿದದ್ದು ನೇರ ಕಂಪ್ಯೂಟರಿಗೇ ಹೋಗಲಿ. ಹಾಗಂತ ಟೇಪ್ ಯಂತ್ರವನ್ನು ಗುಜರಿಗೆ ಬಿಡಬಾರದು, ಅದಕ್ಕೆ ಬೇರೆ ಕೆಲಸವಿದೆ. ಮನೆಗಳಲ್ಲಿ, ಮಠಗಳಲ್ಲಿ, ನಾಟಕ ಸಂಘಗಳ ಪೆಟ್ಟಿಗೆಗಳಲ್ಲಿ ಬಿದ್ದಿರುವ ಹಳೆ ಟೇಪುಗಳನ್ನು ಒಮ್ಮೆಯಾದರೂ ಓಡಿಸಿ ಡಿಜಿಟಲ್‌ಗೆ ತರಲು ಅದೊಂದೇ ದಾರಿ. ಯುನೆಸ್ಕೊ ಮತ್ತು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘಟನೆ ಸೇರಿ ಕೆಲ ವರ್ಷಗಳ ಹಿಂದೆ ಎಚ್ಚರಿಕೆ ಕೊಟ್ಟಿದ್ದವು: 2025ರ ಹೊತ್ತಿಗೆ ಟೇಪು ಓಡಿಸುವ ಸುಸ್ಥಿತಿಯ ಯಂತ್ರ ಮತ್ತು ಬಿಡಿಭಾಗ ಸಿಗುವುದೇ ಕಷ್ಟವಾಗುತ್ತದೆ ಎಂದು. ಆ ಗಡುವು ಆಗಲೇ ಬಂದಾಗಿದೆ. ರಾಯಚೂರಿನ ರಂಗಮಂದಿರಕ್ಕೆ ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿಟ್ಟು ಗೌರವಿಸಿದ್ದೇವೆ. ಅವರ ಪೀಳಿಗೆಯವರ ಕಂಠ ಇನ್ನೂ ಯಾವ ಟೇಪಿನಲ್ಲಾದರೂ ಉಳಿದಿದ್ದರೆ, ಹೆಸರಿಗಿಂತ ಹೆಚ್ಚಾಗಿ ಆ ಟೇಪು ಓಡಿಸುವ ಯಂತ್ರ ಬೇಕು.

ಮುಂದಿನ ಆಕ್ಷೇಪ ರಿಪೇರಿಯದು. ಇಷ್ಟು ಹಳೆ ಸಾಮಾನು ಸಿಂಧನೂರಿನ ಬಿಸಿಲು, ಧೂಳು, ಏರಿಳಿಯುವ ವೋಲ್ಟೇಜಿನಲ್ಲಿ ಎಷ್ಟು ದಿನ ಬಾಳೀತು, ಸರಿ ಮಾಡುವವರು ಯಾರು? ನಿಜವೆಂದರೆ ಈ ಪ್ರಶ್ನೆಯಲ್ಲೇ ಹಳೆ ಸಾಮಾನಿನ ಪರವಾದ ಅತಿ ಬಲವಾದ ಅಂಶವಿದೆ. ಇವತ್ತಿನ ಡಿಜಿಟಲ್ ಮಿಕ್ಸರಿನ ಬೋರ್ಡು ಕೆಟ್ಟರೆ ಬೋರ್ಡನ್ನೇ ಬದಲಿಸಬೇಕು. ಕಂಪನಿ ಆ ಮಾದರಿ ನಿಲ್ಲಿಸಿದ್ದರೆ ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ಐವತ್ತು ವರ್ಷದ ಹಿಂದಿನ ರೇಡಿಯೊ ಆಂಪ್ಲಿಫೈಯರಿನಲ್ಲಿ ಕೆಡುವುದು ಬಹುಮಟ್ಟಿಗೆ ಕೆಪಾಸಿಟರ್, ರೆಸಿಸ್ಟರ್, ಸ್ವಿಚ್ಚಿನ ಸಂಪರ್ಕ. ಒಂದೊಂದೂ ಕಣ್ಣಿಗೆ ಕಾಣುವಷ್ಟು ದೊಡ್ಡದು, ಸೋಲ್ಡರಿಂಗ್ ಐರನ್ ಹಿಡಿಯಲು ಬಂದವರು ಬದಲಿಸಬಹುದಾದದ್ದು. ವಾಲ್ವ್‌ಗಳ ಬಗ್ಗೆ ಹೇಳುವುದಾದರೆ, 1954ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬಿಇಎಲ್ ಕಾರ್ಖಾನೆಯೇ ರೇಡಿಯೊ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಜಾಲಹಳ್ಳಿಯ ಆ ಕಾರ್ಖಾನೆಯ ಇಎಲ್ 84ರಂಥ ವಾಲ್ವ್‌ಗಳನ್ನು ಗಿಟಾರ್ ಆಂಪ್ಲಿಫೈಯರ್ ಮಾಡುವ ಹೊರದೇಶದವರು ಇಂದಿಗೂ ಹುಡುಕಿಕೊಂಡು ಕೊಳ್ಳುತ್ತಾರೆ. ನಮ್ಮದೇ ಸರಕಿಗೆ ನಾವು ಅವರಷ್ಟು ಬೆಲೆ ಕೊಡುತ್ತಿಲ್ಲ ಅಷ್ಟೆ. ಈ ಭಾಗದ ಐಟಿಐ, ಪಾಲಿಟೆಕ್ನಿಕ್‌ಗಳ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ನಕ್ಷೆ ಓದಿ, ಮೀಟರ್ ಹಿಡಿದು, ದೋಷ ಪತ್ತೆ ಮಾಡಲು ಇದಕ್ಕಿಂತ ಒಳ್ಳೆ ಪಾಠದ ಸಾಮಾನು ಸಿಗುವುದಿಲ್ಲ. ಕಲಿಸುವವರೂ ಇದ್ದಾರೆ. ಆಕಾಶವಾಣಿಯಿಂದ ನಿವೃತ್ತರಾದ ಎಂಜಿನಿಯರುಗಳು, ತಂತ್ರಜ್ಞರು ಈ ಪೆಟ್ಟಿಗೆಗಳ ಜೊತೆ ಮೂವತ್ತು ನಲವತ್ತು ವರ್ಷ ಕಳೆದವರು. ಅವರು ತಿಳಿದದ್ದು ಯಾವ ಕೈಪಿಡಿಯಲ್ಲೂ ಇಲ್ಲ, ಅವರ ಕಾಲ ಮುಗಿದರೆ ಉಪಕರಣ ಉಳಿದೂ ಉಪಯೋಗವಿಲ್ಲ. ಎಚ್ಚರಿಕೆಗಳೂ ಇವೆ, ಮುಚ್ಚಿಡಬಾರದು. ವಾಲ್ವ್ ಪೆಟ್ಟಿಗೆಯೊಳಗೆ ಇನ್ನೂರು ಮುನ್ನೂರು ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ಹೊಸ ಮಿಕ್ಸರುಗಳು ಕಂಡೆನ್ಸರ್ ಮೈಕಿಗೆಂದು ಕಳಿಸುವ 48 ವೋಲ್ಟ್ ತಪ್ಪಿ ಹಳೆ ರಿಬ್ಬನ್ ಮೈಕಿಗೆ ಹೋದರೆ ಪಟ್ಟಿ ಹರಿದೇ ಹೋಗಬಹುದು. ಸ್ಟೆಬಿಲೈಜರ್, ಒಳ್ಳೆ ಅರ್ಥಿಂಗ್, ಧೂಳು ಬಾರದ ಒಂದು ಎ.ಸಿ. ಕೋಣೆ ಇವು ಬೇಕೇಬೇಕು. ಇದಕ್ಕೆ ತಗಲುವ ಹಣ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಒಂದು ಸಮುದಾಯ ಭವನದ ಕಾಂಪೌಂಡಿನ ಖರ್ಚಿಗಿಂತ ಹೆಚ್ಚಾಗಲಾರದು.

ಸರ್ಕಾರಿ ಸ್ವತ್ತನ್ನು ಹೀಗೆ ಕೊಡಲು ಬರುವುದಿಲ್ಲ ಎಂಬ ಮಾತು ಕೊನೆಗೆ ಬಂದೇ ಬರುತ್ತದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳನ್ನು ತೆರೆದು ನೋಡಿದರೆ ಅದು ಅಷ್ಟು ಬಿಗಿಯಿಲ್ಲ. ಅಂದಾಜು ಉಳಿಕೆ ಮೌಲ್ಯ 2 ಲಕ್ಷ ರೂಪಾಯಿ ಮೀರಿದ ಸಾಮಾನಿಗೆ ಟೆಂಡರ್ ಅಥವಾ ಹರಾಜು ಕಡ್ಡಾಯ. ಅದಕ್ಕಿಂತ ಕಡಿಮೆಯದನ್ನು ಹೇಗೆ ವಿಲೇವಾರಿ ಮಾಡಬೇಕೆಂಬುದನ್ನು ಸಕ್ಷಮ ಅಧಿಕಾರಿ ತೀರ್ಮಾನಿಸಬಹುದು. ಪುಸ್ತಕದ ಲೆಕ್ಕದಲ್ಲಿ ಈ ಹಳೆ ಮೈಕು, ಮಿಕ್ಸರುಗಳ ಮೌಲ್ಯ ಎಂದೋ ಸೊನ್ನೆಯ ಹತ್ತಿರ ಬಂದಿರುತ್ತದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳೂ ಒಡೆದು ಕರಗಿಸುವವರ ಜೊತೆಗೆ, ದುರಸ್ತಿ ಮಾಡಿ ಮರುಬಳಕೆಗೆ ತರುವವರನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿವೆ. ಅಂದರೆ ದಾರಿಯಿದೆ, ನಡೆಯುವ ಮನಸ್ಸಿನ ಅಧಿಕಾರಿ ಬೇಕು. ನನಗೆ ಹೆಚ್ಚು ಅಂಜಿಕೆಯಿರುವುದು ನಿಯಮಕ್ಕಲ್ಲ, ದಲ್ಲಾಳಿಗಳಿಗೆ. ಬ್ರಿಟನ್ನಿನಲ್ಲಿ ನೀವ್ ಕಂಪನಿಯ ಹಳೆ ಕನ್ಸೋಲ್‌ಗಳ ಬೆಲೆ ಏರಿದಾಗ ಆದದ್ದೇನು? ವ್ಯಾಪಾರಿಗಳು ಇಡೀ ಕನ್ಸೋಲ್ ಕೊಂಡು, ಒಳಗಿನ ಒಂದೊಂದು ಘಟಕ ಕಿತ್ತು, ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟು ಮಾರಿದರು. ಎಷ್ಟೋ ಕನ್ಸೋಲ್‌ಗಳು ಇಡಿಯಾಗಿ ಉಳಿಯಲೇ ಇಲ್ಲ. ಇಲ್ಲಿ ಹಾಗಾಗಬಾರದೆಂದರೆ ಹಸ್ತಾಂತರ ಯಾವ ಖಾಸಗಿ ಸ್ಟುಡಿಯೊಗೂ ಆಗಕೂಡದು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯವೋ, ಒಂದು ಸರ್ಕಾರಿ ಕಾಲೇಜೋ ಒಡೆತನ ಇಟ್ಟುಕೊಂಡು, ಬಳಕೆಗೆ ಮಾತ್ರ ಸಿಂಧನೂರಿಗೆ ಕೊಡಲಿ; ಮಾರುವಂತಿಲ್ಲ, ಬಿಡಿಭಾಗ ಕೀಳುವಂತಿಲ್ಲ, ದಾಖಲಾದ ಪ್ರತಿ ಹಾಡಿನ ಒಂದು ಪ್ರತಿ ಹಾಡಿದವರ ಕೈಗೆ ಎಂಬ ಷರತ್ತುಗಳೊಂದಿಗೆ.

ಸಿಂಧನೂರೇ ಯಾಕೆ, ಕಲಬುರಗಿಯಲ್ಲೋ ರಾಯಚೂರಿನಲ್ಲೋ ಮಾಡಿದರಾಗದೇ ಎಂದರೆ, ಅಲ್ಲಿ ನಿಲಯಗಳಿವೆ, ಸ್ಟುಡಿಯೊಗಳಿವೆ. ಹಾಡುವವರು ಅಲ್ಲಿಗೆ ಹೋಗಲು ಆಡಿಷನ್ ಬೇಕು, ದರ್ಜೆ ಬೇಕು, ಒಂದು ದಿನದ ಕೂಲಿ ಬಿಡಬೇಕು. ಸಿಂಧನೂರಿಗೆ ಮಸ್ಕಿ, ಲಿಂಗಸುಗೂರು, ಮಾನ್ವಿ, ಗಂಗಾವತಿ ಎಲ್ಲ ಕಡೆಯಿಂದ ಬೆಳಗ್ಗೆ ಬಂದು ಸಂಜೆ ಮರಳಬಹುದು. ಜೊತೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಈ ತಾಲ್ಲೂಕಿಗೆ ಭತ್ತವನ್ನಷ್ಟೇ ತರಲಿಲ್ಲ. ನೆಲ ಹುಡುಕಿಕೊಂಡು ಬಂದ ಆಂಧ್ರದವರ ಕ್ಯಾಂಪುಗಳಿವೆ, ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ನೆಲೆ ಕೊಟ್ಟ ಪುನರ್ವಸತಿ ಕ್ಯಾಂಪುಗಳಿವೆ. ಕನ್ನಡದ ತತ್ವಪದ, ದಖ್ಖನಿ ಉರ್ದು ಬೆರೆತ ಮೊಹರಂ ಪದ, ತೆಲುಗು ಭಜನೆ, ಬಂಗಾಳಿ ಹಾಡು ಇಷ್ಟು ಹತ್ತಿರ ಹತ್ತಿರ ಕೇಳಿಬರುವ ತಾಲ್ಲೂಕು ರಾಜ್ಯದಲ್ಲಿ ಅಪರೂಪ. ಇವನ್ನೆಲ್ಲ ದಾಖಲಿಸಿಡಲು ಅಲ್ಲಿ ಒಂದು ಸಾರ್ವಜನಿಕ ವ್ಯವಸ್ಥೆ ಬೇಕು.

ಮೊದಲು ಆಗಬೇಕಾದದ್ದು ಸಣ್ಣ ಕೆಲಸ. ಯಾವ ನಿಲಯದಲ್ಲಿ ಏನು ಉಳಿದಿದೆ, ಯಾವುದು ಕೆಟ್ಟಿದೆ, ಯಾವುದಕ್ಕೆ ನಕ್ಷೆ ಇದೆ ಎಂಬ ಪಟ್ಟಿ ಹೊರಬರಬೇಕು. ಹರಾಜಿನ ನೋಟಿಸು ಅಂಟಿಸಿದ ಮೇಲೆ ಕೇಳಿದರೆ ತಡವಾಯಿತು. ಪ್ರಸಾರ ಭಾರತಿ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಲ್ಲಿದೆ. ಅರ್ಜಿಯ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಸಿಂಧನೂರಿನ ಒಂದು ಕಲಾ ಸಂಘ, ಒಬ್ಬ ಕಾಲೇಜು ಅಧ್ಯಾಪಕ, ಆಕಾಶವಾಣಿಯ ಒಬ್ಬ ನಿವೃತ್ತ ಎಂಜಿನಿಯರ್ ಕೂಡಿ ನಾಲ್ಕು ನಿಲಯಗಳಿಗೆ ನಾಲ್ಕು ಅರ್ಜಿ ಹಾಕಿದರೆ, ‘ನಿರುಪಯುಕ್ತ’ ಎಂಬ ಷರಾದ ಕೆಳಗೆ ಏನೇನಿದೆ ಎಂಬುದು ಬರುವ ತಿಂಗಳೇ ಗೊತ್ತಾಗುತ್ತದೆ.